ನಾಲೆಯ ನೀರು, ಎಲೆಯ ಪೊರೆ

ಕನ್ನಂಬಾಡಿ ಕಟ್ಟೆ ಏಳುವ ಮುನ್ನ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿದ್ದವು. ಕೆರೆಯ ಕೆಳಗಿನ ಗದ್ದೆ ಬಿಟ್ಟರೆ ಉಳಿದದ್ದು ರಾಗಿ, ಹುರುಳಿ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಹರಿದು ಬಂದಿತು. ಭತ್ತ, ಕಬ್ಬು ಬಯಲು ತುಂಬಿದವು.

ನಾಲೆಯ ಜೊತೆಗೇ 1931ರಲ್ಲಿ ಮಂಡ್ಯದ ಪಕ್ಕ ಸಂಶೋಧನಾ ಕ್ಷೇತ್ರವೊಂದು ತಲೆಯೆತ್ತಿತು. ಊರವರ ಬಾಯಲ್ಲಿ ಅದು ವಿ.ಸಿ. ಫಾರಂ. ಆ ಕಾಲದ ಮೈಸೂರು ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಇಲ್ಲಿಗೆ ಬಂದದ್ದು ಬೆಳೆಯ ರೋಗ ಮತ್ತು ಕೀಟಗಳ ತಜ್ಞರಾಗಿ. ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದವರೂ ಅವರೇ.

ಇದೇ ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ರಾಗಿಯ ಹಿಂದೆ ಬಿದ್ದರು. ರಾಗಿ ಹೂವು ಬಹಳ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು; ಅದರಲ್ಲಿ ಸಂಕರ ಮಾಡುವುದು ಸುಲಭವಲ್ಲ. ಅವರು ನಮ್ಮ ನಾಡಿನ ತಳಿಗೆ ಆಫ್ರಿಕಾದ ತಳಿಯನ್ನು ಕೂಡಿಸಿ 'ಇಂಡಾಫ್' ರಾಗಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ಭತ್ತಕ್ಕೂ ಆಫ್ರಿಕಾದಿಂದ ಇಂಥದೇ ನೆರವು ಸಿಕ್ಕಿದ ಕಥೆ ಇದೆ.

ದುಂಡಾಣು ಅಂಗಮಾರಿ ರೋಗ ತಗುಲಿದ ಭತ್ತದ ಎಲೆ ತುದಿಯಿಂದ ಅಂಚು ಹಿಡಿದು ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಜಪಾನಿನ ರೈತರು ಇದನ್ನು 1884ರಲ್ಲೇ ಕಂಡಿದ್ದರು. ಭಾರತದಲ್ಲಿ 1963ರಲ್ಲಿ ಬಿಹಾರದ ಗದ್ದೆಗಳನ್ನು ಅದು ಹಾಳುಗೆಡವಿತು. ನೀರು, ಯೂರಿಯಾ ಎರಡೂ ಧಾರಾಳವಾಗಿರುವ ಕಡೆ ಇದರ ಹಾವಳಿ ಜಾಸ್ತಿ. ಉದ್ದ ಬೆಳೆದ ಸಸಿಯ ತುದಿ ಕತ್ತರಿಸಿ ನಾಟಿ ಮಾಡಿದರೆ ಆ ಗಾಯವೇ ರೋಗಾಣುವಿಗೆ ದಾರಿ.

ಒಳಗೆ ಸೇರಿದ ಬ್ಯಾಕ್ಟೀರಿಯ ಮಾಡುವುದೇನು? ಅದರ ಪೊರೆಯಲ್ಲಿ ಪ್ರೋಟೀನುಗಳಿಂದಲೇ ಕಟ್ಟಿದ, ಸೂಜಿಯಂಥ ರಚನೆಯೊಂದಿದೆ. ಅದರ ಮೂಲಕ ತನ್ನ ಪ್ರೋಟೀನುಗಳನ್ನು ಭತ್ತದ ಕೋಶಕ್ಕೆ ನೂಕುತ್ತದೆ. ಅವು ಕೋಶದ ಜೀನುಗಳ ಮೇಲೆ ಕೂತು, ಸಕ್ಕರೆಯನ್ನು ಹೊರಗೆ ಸಾಗಿಸುವ 'ಸ್ವೀಟ್' ಎಂಬ ಪೊರೆ ಪ್ರೋಟೀನು ಹೆಚ್ಚಾಗಿ ತಯಾರಾಗುವಂತೆ ಮಾಡುತ್ತವೆ. ಗಿಡ ಕಾಳಿಗೆಂದು ಕೂಡಿಟ್ಟ ಸಕ್ಕರೆ ಹೀಗೆ ರೋಗಾಣುವಿನ ಪಾಲಾಗುತ್ತದೆ.

ಇದನ್ನು ತಡೆಯುವ ಶಕ್ತಿ ಸಿಕ್ಕಿದ್ದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತವೊಂದರಲ್ಲಿ. ಅದರ ಜೀನನ್ನು ಮೊದಲು ಸಂಕರದಿಂದ ಸಾಗುವಳಿ ಭತ್ತಕ್ಕೆ ತರಲಾಯಿತು. 1995ರಲ್ಲಿ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್ ತಂಡ ಎಕ್ಸ್‌ಎ21 ಎಂಬ ಆ ಜೀನನ್ನು ಬೇರ್ಪಡಿಸಿತು. ಅದು ಮಾಡುವ ಪ್ರೋಟೀನು ಕೋಶದ ಪೊರೆಯಲ್ಲಿ ನೆಲೆ ನಿಂತಿದೆ: ಹೊರಗಿನ ಭಾಗ ಬ್ಯಾಕ್ಟೀರಿಯದ ಗುರುತು ಹಿಡಿಯುತ್ತದೆ, ಒಳಗಿನ ಭಾಗ ರಕ್ಷಣೆಗೆ ಸಂದೇಶ ಕಳಿಸುತ್ತದೆ. ಅದು ಹಿಡಿಯುವ ಗುರುತು ಯಾವುದೆಂದು ತಿಳಿಯಲು ಇನ್ನೂ 20 ವರ್ಷ ಬೇಕಾಯಿತು. 2015ರಲ್ಲಿ ರಾಕ್ಸ್‌ಎಕ್ಸ್ ಎಂಬ ಪ್ರೋಟೀನು ಪತ್ತೆಯಾಯಿತು.

ಒಂದೇ ಜೀನನ್ನು ನೆಚ್ಚಿದರೆ ರೋಗಾಣು ರೂಪ ಬದಲಿಸಿ ತಪ್ಪಿಸಿಕೊಳ್ಳಬಲ್ಲದು. ಹಾಗಾಗಿ ಹೈದರಾಬಾದಿನ ವಿಜ್ಞಾನಿಗಳು ಎಕ್ಸ್‌ಎ21ರ ಜೊತೆಗೆ ಇನ್ನೆರಡು ಜೀನು ಸೇರಿಸಿದ ಸಾಂಬಾ ಮಸೂರಿಯನ್ನು ರೂಪಿಸಿದರು. ಅವುಗಳಲ್ಲಿ ಒಂದು, ಸಕ್ಕರೆ ಸಾಗಿಸುವ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯ ಚಾಲೂ ಮಾಡದಂತೆ ತಡೆಯುತ್ತದೆ. ಈ ತಳಿ 2008ರಲ್ಲಿ ಬಿಡುಗಡೆಯಾಯಿತು.

ಲಕ್ಷ್ಮಣಯ್ಯನವರ ಕಾಲದಲ್ಲಿ ಯಾವ ಗಿಡ ಉಳಿಸಬೇಕೆಂದು ಹೇಳಿದ್ದು ಪೈರಿನ ನಡುವೆ ನಿಂತ ಕಣ್ಣು. ಈಗ ಎಳೆ ಸಸಿಯ ಎಲೆಯ ಚೂರೊಂದರಿಂದ ಬೇಕಾದ ಜೀನು ಇದೆಯೋ ಇಲ್ಲವೋ ನೋಡಬಹುದು. ಆಮೇಲೆ ಆ ಸಸಿಯನ್ನು ಗದ್ದೆಯಲ್ಲಿ ನೆಟ್ಟು, ರೋಗಾಣು ತಾಗಿಸಿ, ಇಳುವರಿ ಅಳೆಯುವ ಕೆಲಸ ಮಾತ್ರ ಇಂದಿಗೂ ಹಿಂದಿನಂತೆಯೇ ನಡೆಯುತ್ತದೆ.