ಬೊಂತೆ, ಕಂಥೆ, ಕೌದಿ: ಹಳೆಯ ಬಟ್ಟೆಯ ಚರಿತ್ರೆಗೆ ಒಂದು ಪ್ರವೇಶ

1

ಬಟ್ಟೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೊಸ ಬಟ್ಟೆಯ ಚರಿತ್ರೆಯನ್ನೇ ಬರೆದಿದ್ದಾರೆ. ಮಚಲಿಪಟ್ಟಣದ ಕಲಂಕಾರಿ, ಇಳಕಲ್ಲಿನ ಸೀರೆ, ನೇಕಾರರ ದತ್ತಿಗಳು, ಬಂದರುಗಳ ಸುಂಕ ಇವೆಲ್ಲ ಮಗ್ಗದಿಂದ ಮಾರುಕಟ್ಟೆಯವರೆಗಿನ ಕಥೆ. ಆದರೆ ಬಟ್ಟೆಯ ಆಯುಷ್ಯದ ದೊಡ್ಡ ಭಾಗ ಕಳೆಯುವುದು ಮಾರಾಟವಾದ ಮೇಲೆ, ಮನೆಯೊಳಗೆ. ಉಟ್ಟು ಸವೆದ ಸೀರೆ ಹೊದಿಕೆಯಾಗುತ್ತದೆ, ತೊಟ್ಟಿಲ ಹಾಸಾಗುತ್ತದೆ, ಕಡೆಗೆ ನೆಲ ಒರೆಸುವ ಚಿಂದಿಯಾಗುತ್ತದೆ. ಈ ಎರಡನೆಯ ಆಯುಷ್ಯಕ್ಕೆ ಶಾಸನವಿಲ್ಲ, ಸುಂಕವಿಲ್ಲ. ಮಣ್ಣಿನಲ್ಲಿ ಅದರ ಕುರುಹೂ ಉಳಿಯುವುದಿಲ್ಲ.

ಹೀಗಿರುವುದರಿಂದ ಹಳೆಯ ಬಟ್ಟೆಯ ಚರಿತ್ರೆಯನ್ನು ಬೇರೆ ಬಗೆಯ ಆಧಾರಗಳಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಅಂತಹ ಮೂರನ್ನು ಬಳಸಿಕೊಳ್ಳಲಾಗಿದೆ: ಧಾರ್ಮಿಕ ಸಂಪ್ರದಾಯಗಳು ವಿಧಿಸಿದ ನಿಯಮಗಳು, ಕನ್ನಡ ತೆಲುಗುಗಳೆರಡರಲ್ಲೂ ಉಳಿದುಬಂದ ಪದಗಳು, ಮತ್ತು ಇಂದಿಗೂ ನಡೆಯುತ್ತಿರುವ ಕೈಕೆಲಸಗಳು. ಪೂರ್ವದಲ್ಲಿ ವಿಶಾಖಪಟ್ಟಣ ಮತ್ತು ವಿಜಯವಾಡ, ಪಶ್ಚಿಮದಲ್ಲಿ ಉತ್ತರ ಕರ್ನಾಟಕ ಹಾಗೂ ಉತ್ತರ ಕನ್ನಡ ಇದರ ಎಲ್ಲೆ. ವೆಂಗಿಯ ಚಾಳುಕ್ಯರಿಂದ ಹಿಡಿದು ವೆಂಗಿನಾಡಿನ ಮೂಲದ ಪಂಪನವರೆಗೆ ಈ ಎರಡು ಸೀಮೆಗಳ ಸಂಬಂಧವನ್ನು ಅರಸರ ಮತ್ತು ಕವಿಗಳ ಮೂಲಕ ನೋಡಿದ್ದೇವೆ. ಚಿಂದಿಯ ಮೂಲಕವೂ ನೋಡಬಹುದು.

2

ಕೃಷ್ಣಾ ನದಿಯ ಕೆಳದಂಡೆಯ ಅಮರಾವತಿ, ಜಗ್ಗಯ್ಯಪೇಟೆ, ಘಂಟಸಾಲ, ಮತ್ತು ವಿಶಾಖಪಟ್ಟಣದ ಸಮೀಪದ ತೊಟ್ಲಕೊಂಡ, ಬಾವಿಕೊಂಡಗಳು ಒಂದು ಕಾಲಕ್ಕೆ ಬೌದ್ಧ ಕೇಂದ್ರಗಳಾಗಿದ್ದವು. ಕರ್ನಾಟಕದಲ್ಲಿ ಭೀಮಾ ತೀರದ ಸನ್ನತಿ ಮತ್ತು ಕನಗನಹಳ್ಳಿಗಳು ಇವಕ್ಕೆ ಸೋದರ ಸಂಬಂಧಿಗಳು. ಇಲ್ಲಿ ಸ್ತೂಪದ ಶಿಲ್ಪ, ವಿಹಾರದ ತಳಪಾಯ, ನೀರಿನ ತೊಟ್ಟಿ ಉಳಿದಿವೆ. ಭಿಕ್ಷುಗಳು ಉಟ್ಟ ಬಟ್ಟೆ ಉಳಿದಿಲ್ಲ. ಅದರ ವಿಷಯವನ್ನು ವಿನಯಪಿಟಕದಿಂದ ತಿಳಿಯಬೇಕು.

ಕಸದ ರಾಶಿಯಲ್ಲಿಯೋ ಸ್ಮಶಾನದಲ್ಲಿಯೋ ಬಿದ್ದ ಬಟ್ಟೆಯನ್ನು ಆಯ್ದು, ತೊಳೆದು, ಹೊಲಿದು ಉಡುವುದಕ್ಕೆ ಪಾಲಿಯಲ್ಲಿ ಪಂಸುಕೂಲವೆಂದು ಹೆಸರು. ತುಂಡುಗಳನ್ನು ಜೋಡಿಸುವ ಕ್ರಮವನ್ನು ಮಗಧದ ಗದ್ದೆಗಳ ಬದುಗಳ ಮಾದರಿಯಲ್ಲಿ ಆನಂದನು ರೂಪಿಸಿದನೆಂದು ಮಹಾವಗ್ಗ ಹೇಳುತ್ತದೆ. ಚುಲ್ಲವಗ್ಗದಲ್ಲಿ ಸೂಜಿ, ಸೂಜಿಯ ಕೊಳವೆ, ಬಟ್ಟೆಯನ್ನು ಬಿಗಿದು ಹೊಲಿಯುವ ಚೌಕಟ್ಟು ಇವೆಲ್ಲಕ್ಕೂ ನಿಯಮಗಳಿವೆ. ಹೊಲಿಗೆ ಇಲ್ಲಿ ಭಿಕ್ಷುವಿನ ನಿತ್ಯದ ಕೆಲಸಗಳಲ್ಲಿ ಒಂದು.

ಅದೇ ಗ್ರಂಥದ ಇನ್ನೊಂದು ಪ್ರಸಂಗ ನಮಗೆ ಇನ್ನೂ ಮುಖ್ಯವಾದದ್ದು. ಅರಸ ಉದಯನನ ಅಂತಃಪುರದ ಸ್ತ್ರೀಯರು ಆನಂದನಿಗೆ ಐನೂರು ವಸ್ತ್ರಗಳನ್ನು ದಾನ ಮಾಡುತ್ತಾರೆ. ಇಷ್ಟನ್ನು ಏನು ಮಾಡುವಿರಿ ಎಂದು ಅರಸ ಕೇಳಿದಾಗ ಆನಂದನ ಉತ್ತರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹೊಸ ವಸ್ತ್ರಗಳು ಚೀವರ ಸವೆದ ಭಿಕ್ಷುಗಳಿಗೆ ಹೋಗುತ್ತವೆ. ಸವೆದ ಚೀವರಗಳು ಮೇಲುಹಾಸಾಗುತ್ತವೆ. ಹಳೆಯ ಮೇಲುಹಾಸುಗಳು ಹಾಸಿಗೆಯ ಗವಸಾಗುತ್ತವೆ. ಹಳೆಯ ಗವಸುಗಳು ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಕೊಡಹುವ ಅರಿವೆ. ಕೊನೆಯಲ್ಲಿ ಅವನ್ನು ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತಾರೆ. ಬಟ್ಟೆಯ ಪೂರ್ಣ ಆಯುಷ್ಯವನ್ನು ಹೀಗೆ ಕ್ರಮವಾಗಿ ದಾಖಲಿಸಿದ ಪ್ರಾಚೀನ ಪಠ್ಯಗಳು ವಿರಳ. ಆದರೆ ಇದು ಭಿಕ್ಷುಸಂಘ ಹೊಸದಾಗಿ ಕಂಡುಹಿಡಿದ ಕ್ರಮವಾಗಿರಲಾರದು. ಗೃಹಿಣಿಯರು ಮೊದಲೇ ಬಲ್ಲ ಮಿತವ್ಯಯವನ್ನು ಸಂಘವು ಶಿಸ್ತಾಗಿ ಮಾಡಿಕೊಂಡಿತೆಂದು ತಿಳಿಯುವುದೇ ಹೆಚ್ಚು ಸಹಜ.

3

ಸಂಸ್ಕೃತದ ಕಂಥಾ ಎಂಬುದು ಚಿಂದಿಗಳನ್ನು ಕೂಡಿಸಿದ ಹೊದಿಕೆ. ಬಂಗಾಳದಲ್ಲಿ ಹಳೆಯ ಸೀರೆಗಳಿಂದ ಹೊಲಿಯುವ ಕಾಂಥಾಕ್ಕೂ ನಾಥಯೋಗಿಗಳ ಮೈಮೇಲಿನ ಕಂಥೆಗೂ ಇದೇ ಹೆಸರು. ದೇಶಿಯಲ್ಲಿ ತೆಲುಗಿನವರು ಬೊಂತ ಎನ್ನುತ್ತಾರೆ, ಹಳೆಯ ಕನ್ನಡದಲ್ಲಿ ಅದು ಬೊಂತೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕೌದಿ, ಮರಾಠಿಯಲ್ಲಿ ಗೋಧಡಿ.

ಬೊಂತೆಯನ್ನು ಹೆಸರಿನಲ್ಲಿಯೇ ಹೊತ್ತವಳು ಶರಣೆ ಬೊಂತಾದೇವಿ. ಆಕೆ ಕಾಶ್ಮೀರದ ಕಡೆಯ ರಾಜಕುಮಾರಿ, ಉಟ್ಟದ್ದನ್ನು ತೊರೆದು ಕಲ್ಯಾಣಕ್ಕೆ ಹೊರಟವಳು, ಆಗ ಶಿವನೇ ಬೊಂತೆಯನ್ನು ಹೊದಿಸಿದನು ಎಂಬುದು ಸಂಪ್ರದಾಯದ ಕಥನ. ಆಕೆಯ ವಚನಗಳ ಅಂಕಿತ ಬಿಡಾಡಿ. ಕಥೆಯ ಐತಿಹಾಸಿಕತೆ ಏನೇ ಇರಲಿ, ಅದರ ಅರ್ಥ ಸ್ಪಷ್ಟವಾಗಿದೆ: ಅರಮನೆಯ ವಸ್ತ್ರ ಬಿಟ್ಟವಳಿಗೆ ದೇವರು ಕೊಡುವುದು ಪಟ್ಟೆಯನ್ನಲ್ಲ, ಬಡವರ ಹೊದಿಕೆಯನ್ನು. ಜೇಡರ ದಾಸಿಮಯ್ಯನ ಕಥೆಯಲ್ಲಿ ಜಂಗಮವೇಷದ ಶಿವನು ಆತ ನೇಯ್ದ ವಸ್ತ್ರವನ್ನು ಬೇಡಿ ಪಡೆದು ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ, ನೇಕಾರ ಕೆರಳುವುದಿಲ್ಲ. ಹೊಲಿಗೆಯನ್ನೇ ಕಾಯಕವಾಗಿಸಿಕೊಂಡ ಸೂಜಿಕಾಯಕದ ರಾಮಿತಂದೆ ಶರಣರ ಸಾಲಿನಲ್ಲಿದ್ದಾನೆ. ನೇಯುವವನು, ಹೊಲಿಯುವವನು, ಬೊಂತೆ ಹೊದ್ದವಳು ಮೂವರೂ ಸಿಕ್ಕಿದಂತಾಯಿತು.

ಆದರೆ ಒಬ್ಬರು ಕಾಣೆಯಾಗಿದ್ದಾರೆ. ಬೊಂತೆಯನ್ನು ಹೊಲಿದವರು ಯಾರು? ಪಂಸುಕೂಲದಿಂದ ಬೊಂತಾದೇವಿಯವರೆಗೆ ಪರಂಪರೆ ನೆನಪಿಟ್ಟಿರುವುದು ಚಿಂದಿಯನ್ನು ಆಯ್ದುಕೊಂಡವರನ್ನು. ಬೇರೆ ಏನೂ ಇಲ್ಲದ್ದರಿಂದ ಚಿಂದಿಯನ್ನು ಹೊದ್ದವರಿಗೆ, ಆ ಹೊದಿಕೆಯನ್ನು ರಾತ್ರಿಯ ದೀಪದಲ್ಲಿ ಹೊಲಿದವರಿಗೆ ಅಂಕಿತವಿಲ್ಲ. ತ್ಯಾಗಿಯ ಕಂಥೆಗೆ ಮಹಿಮೆ ಬರುವುದು ಬಡವನ ಹೊದಿಕೆಯನ್ನು ಎಲ್ಲರೂ ಗುರುತಿಸಬಲ್ಲರಾದ್ದರಿಂದ. ಹಾಗಾಗಿ ವೈರಾಗ್ಯದ ಈ ಸಂಕೇತ ಗೃಹಕೃತ್ಯದಿಂದ ಪಡೆದ ಸಾಲ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸದೆ ಕಂಥೆಯನ್ನು ಕೇವಲ ರೂಪಕವೆಂದು ಓದಿಬಿಡುವ ಅಪಾಯವಿದೆ.

4

ರೂಪಕವನ್ನು ಮತ್ತೆ ವಸ್ತುವಾಗಿ ಕಾಣಬೇಕಾದರೆ ಇಂದಿನ ಕೆಲಸವನ್ನು ನೋಡಬೇಕು. ಉತ್ತರ ಕರ್ನಾಟಕದ ಕೌದಿಗೆ ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳೇ ಸಾಮಗ್ರಿ. ಅಗಲವಾದ ಬಟ್ಟೆ ತಳಕ್ಕೆ, ತೀರ ಸವೆದದ್ದು ನಡುವೆ, ಬಣ್ಣ ಉಳಿದದ್ದು ಮೇಲೆ. ಎಲ್ಲ ಪದರಗಳನ್ನೂ ಹಿಡಿದು ಒತ್ತಾದ ಸಾಲುಹೊಲಿಗೆ ಹಾಕಲಾಗುತ್ತದೆ. ಒಂದೊಂದಾಗಿ ನಿಲ್ಲಲಾರದ ಜೀರ್ಣವಸ್ತ್ರಗಳು ಒಂದಕ್ಕೊಂದು ಆತು ಗಟ್ಟಿಯಾಗುವುದು ಈ ಹೊಲಿಗೆಯಿಂದ. ಮನೆಯ ಹೆಂಗಸರು ಹೊಲಿಯುವುದುಂಟು. ಊರೂರು ತಿರುಗುವ ಸಮುದಾಯಗಳ ಹೆಂಗಸರು ಕೂಲಿಗೆ ಹೊಲಿದುಕೊಡುವುದೂ ಉಂಟು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಯರು ಇದನ್ನು ಕವಂದಿ ಎನ್ನುತ್ತಾರೆ. ಆಫ್ರಿಕ ಮೂಲದ ಈ ಸಮುದಾಯವು 2003ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಕವಂದಿಯ ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚಿನ ಗುಂಟ ಸುತ್ತಿ ಸುತ್ತಿ ನಡುವನ್ನು ಸೇರುತ್ತದೆ. ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲೂ ಮಡಿಸಿದ ತುಂಡುಗಳಿಂದ ‘ಫೂಲ’, ಅಂದರೆ ಹೂವು, ಇಡಬೇಕು. ಹೂವಿಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಚಳಿಗೆ ಹೊದಿಕೆಯಷ್ಟೇ ಸಾಕಾಗಿದ್ದರೆ ಮೂಲೆಯ ಹೂವು ಬೇಕಿರಲಿಲ್ಲ. ಆದ್ದರಿಂದ ಬಡತನದಿಂದ ಹುಟ್ಟಿದ ವಸ್ತುವಿಗೆ ಸೌಂದರ್ಯದ ನಿಯಮಗಳಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ಚಿಂದಿಯ ಕೊನೆಯ ಮೆಟ್ಟಿಲೂ ನಮ್ಮ ಸೀಮೆಯಲ್ಲಿ ಉಳಿದಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯೊಡನೆ ಕಲಸಿ ‘ಕಿಟ್ಟ’ವನ್ನು ಸಿದ್ಧಪಡಿಸುತ್ತಾರೆ. ಅದನ್ನು ಮರದ ಬೊಂಬೆಯ ಮೈಗೆ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಬಳಿಕ ಬಣ್ಣಕ್ಕೆ ತಳ ಕಟ್ಟುತ್ತಾರೆ. ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ಪೊಣಿಕಿ ಮರದ ಬೊಂಬೆಗಳ ಕೈಕಾಲುಗಳನ್ನು ಜೋಡಿಸುವ ‘ಮಕ್ಕು’ ಕೂಡ ಹುಣಸೆಬೀಜ ಮತ್ತು ಮರದ ಹೊಟ್ಟಿನದೇ. ಇವೆರಡರ ನಡುವೆ ನೇರ ಸಂಬಂಧವನ್ನು ಊಹಿಸುವ ಅಗತ್ಯವಿಲ್ಲ. ಕೈಗೆಟಕುವ ವಸ್ತುಗಳು ಒಂದೇ ಆದಾಗ ಕೈಗಳು ಒಂದೇ ದಾರಿ ಹಿಡಿಯುತ್ತವೆ. ಮಣ್ಣಿನಲ್ಲಿ ಅರಿವೆ ಕಲಸುವ ಭಿಕ್ಷುವನ್ನು ಇಲ್ಲಿ ಮತ್ತೆ ನೆನೆಯಬಹುದು.

5

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಬಟ್ಟೆ ಒಮ್ಮೆ ರಾಷ್ಟ್ರೀಯ ಪ್ರಶ್ನೆಯಾಯಿತು. 1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಅಂದಿನ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿ 20 ಲಕ್ಷ ಚರಕಗಳ ಗುರಿಯನ್ನು ಹಾಕಿಕೊಂಡಿತು. ಅದೇ ವರ್ಷ ಜುಲೈ 31ರಂದು ಮುಂಬಯಿಯಲ್ಲಿ ವಿದೇಶೀ ವಸ್ತ್ರಗಳನ್ನು ರಾಶಿ ಹಾಕಿ ಸುಡಲಾಯಿತು. ಮೈ ಮುಚ್ಚಲು ಇಲ್ಲದವರ ನಾಡಿನಲ್ಲಿ ಬಟ್ಟೆ ಸುಡುವುದು ಸರಿಯೇ ಎಂದು ಆಂಡ್ರೂಸ್ ಮತ್ತು ರವೀಂದ್ರನಾಥ ಠಾಕೂರರು ಆಕ್ಷೇಪಿಸಿದರು. ನಾವು ಬೇಡವೆಂದು ಬಿಟ್ಟದ್ದನ್ನು ಬಡವರಿಗೆ ಕೊಡುವುದು ಅವರಿಗೆ ಅವಮಾನ, ಕೊಡಬೇಕಾದದ್ದು ಕೆಲಸವನ್ನು ಎಂಬ ಅರ್ಥದಲ್ಲಿ ಗಾಂಧೀಜಿ ಉತ್ತರಿಸಿದರು.

ಈ ವಾದದಲ್ಲಿ ಎರಡೂ ಪಕ್ಷಗಳು ಬಡವರನ್ನು ಪಡೆಯುವವರಾಗಿ ಕಂಡವು. ಹಳೆಯದನ್ನು ಹೊಸದಾಗಿಸುವ ಕೌಶಲ ಅವರ ಮನೆಗಳಲ್ಲಿ ಶತಮಾನಗಳಿಂದ ಇತ್ತೆಂಬುದು ಚರ್ಚೆಯ ಮುನ್ನೆಲೆಗೆ ಬರಲಿಲ್ಲ. ನೂಲುವುದು ರಾಷ್ಟ್ರಕಾರ್ಯವಾಯಿತು, ತೇಪೆ ಹಚ್ಚುವುದು ಮನೆಗೆಲಸವಾಗಿಯೇ ಉಳಿಯಿತು.

ಇಂದು ಕೌದಿ ಮತ್ತು ಕವಂದಿಗಳು ಮಾರಾಟದ ವಸ್ತುಗಳೂ ಆಗಿವೆ. ಹೊಲಿದವರಿಗೆ ಸಂಪಾದನೆ ದೊರೆಯುವುದಾದರೆ ಅದನ್ನು ಸ್ವಾಗತಿಸಬೇಕು. ಆದರೆ ಕೊಳ್ಳುವವರಿಗಾಗಿ ಹೊಸ ಬಟ್ಟೆಯನ್ನು ಕತ್ತರಿಸಿ ಚಿಂದಿಯ ರೂಪ ಕೊಟ್ಟಾಗ ವಸ್ತು ಉಳಿದರೂ ಅದರ ತರ್ಕ ಉಳಿಯುವುದಿಲ್ಲ. ಅಜ್ಜಿಯ ಸೀರೆ ಮೊಮ್ಮಗನ ಹೊದಿಕೆಯಾಗುವಲ್ಲಿ ಒಂದು ಕುಟುಂಬದ ಮೂರು ತಲೆಮಾರುಗಳ ಲೆಕ್ಕವಿತ್ತು. ಈ ಲೆಕ್ಕವನ್ನು ದಾಖಲಿಸುವುದು ಈಗ ತುರ್ತಿನ ಕೆಲಸ, ಏಕೆಂದರೆ ಕೌದಿಯೂ ಸವೆಯುತ್ತದೆ, ಹೊಲಿದವರ ನೆನಪೂ ಸವೆಯುತ್ತದೆ. ಹೊರನಾಡಿನ ಸಂಶೋಧಕರು ತಾವಿರುವ ಸೀಮೆಗಳಲ್ಲಿ ಬೊಂತ, ಗೋಧಡಿ, ಕಾಂಥಾಗಳ ಹೊಲಿಗೆಯ ಕ್ರಮ, ಪದಗಳು, ಕೂಲಿಯ ದರ ಮತ್ತು ಹೊಲಿದವರ ಮಾತು ಇವನ್ನು ಸಂಗ್ರಹಿಸಿದರೆ, ವಚನಕಾರರ ಬೊಂತೆಯನ್ನು ಇಂದಿಗಿಂತ ಹೆಚ್ಚು ಸರಿಯಾಗಿ ಓದುವುದು ಸಾಧ್ಯವಾದೀತು.