ತೆಂಗಿನ ಮರ ಏರುವ ಯಂತ್ರದ ಮಾರ್ಪಡಿಸಿದ ಬಿಡಿಭಾಗಗಳು

ತೆಂಗಿನ ಮರ ಏರುವ ಯಂತ್ರವು ಕಾಂಡವನ್ನು ಬಳಸಿ ಹಾಕಿದ ಉಕ್ಕಿನ ಹಗ್ಗದ ಹಿಡಿತದಿಂದ ಮನುಷ್ಯನು ಮರವನ್ನು ಹತ್ತಿ ಇಳಿಯಲು ನೆರವಾಗುವ ಕೈಸಾಧನ. ಬಳಸುವವರ ಮೈಕಟ್ಟು, ಮರದ ಗಾತ್ರ ಮತ್ತು ಸುರಕ್ಷತೆಗೆ ತಕ್ಕಂತೆ ಬದಲಿಸಿದ ಅಥವಾ ಹೊಸದಾಗಿ ಸೇರಿಸಿದ ಹಗ್ಗ, ಪಾದಪಟ್ಟಿ, ಹಿಡಿಕೆ, ಸೊಂಟಪಟ್ಟಿ ಮುಂತಾದವು ಇದರ ಮಾರ್ಪಡಿಸಿದ ಬಿಡಿಭಾಗಗಳು. ಮನುಷ್ಯನ ಪೂರ್ಣ ಭಾರವನ್ನು ಇವೇ ಹೊರುವುದರಿಂದ ಇವುಗಳ ಮಾರಾಟಕ್ಕೆ ಕಾನೂನಿನ ಹೊಣೆಯೂ ಅಂಟಿಕೊಂಡಿದೆ.

ಹಿನ್ನೆಲೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಉಂಡೆ ಕೊಬ್ಬರಿಗೆ ಹೆಸರಾದ ಸೀಮೆ. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಇಲ್ಲಿ ಕೊಬ್ಬರಿ ಮಾಡುತ್ತಾರೆ. ಬಲಿತ ಕಾಯಿಯನ್ನು ನೆಲದಿಂದಲೇ ದೋಟಿಯಲ್ಲಿ ಕೀಳಬಹುದು. ಆದರೆ ಸುಳಿ ಶುಚಿಗೊಳಿಸುವುದು, ರೈನೋಸಿರಸ್ ದುಂಬಿಯನ್ನು ಹುಡುಕಿ ತೆಗೆಯುವುದು, ಎಳನೀರಿನ ಗೊನೆಯನ್ನು ಹಗ್ಗ ಕಟ್ಟಿ ಇಳಿಸುವುದು ಇವೆಲ್ಲ ಮರ ಹತ್ತದೆ ಆಗುವ ಕೆಲಸಗಳಲ್ಲ. ಮರ ಹತ್ತುವ ಆಳುಗಳು ವಿರಳವಾದಂತೆ ಯಂತ್ರಕ್ಕೆ ಬೇಡಿಕೆ ಬಂದಿತು.

ಹೆಚ್ಚು ಪ್ರಚಾರದಲ್ಲಿರುವ ಮಾದರಿಯು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಅವರದು, ಊರಿನ ಹೆಸರಿನಿಂದಲೇ ಅದು ಚೆಂಬೇರಿ ಮಾದರಿ ಎನಿಸಿಕೊಂಡಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯಿಂದ ಇಂತಹ ಯಂತ್ರದ ಬಳಕೆ ಹಬ್ಬಿತು. ತಿಪಟೂರು ತಾಲ್ಲೂಕಿನ ಕೃಷಿ ವಿಜ್ಞಾನ ಕೇಂದ್ರವು ಕೊನೆಹಳ್ಳಿಯಲ್ಲಿದೆ.

ರಚನೆ ಮತ್ತು ಮಾರ್ಪಾಡು

ಚೆಂಬೇರಿ ಮಾದರಿಯಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಚೌಕಟ್ಟುಗಳಿವೆ. ಪ್ರತಿ ಚೌಕಟ್ಟಿನಿಂದ ಹೊರಟ ಉಕ್ಕಿನ ಹಗ್ಗವು ಕಾಂಡವನ್ನು ಸುತ್ತಿ ಮತ್ತೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಮೈಭಾರ ಬಿದ್ದ ಕಡೆ ಹಗ್ಗ ಬಿಗಿಯುತ್ತದೆ, ಭಾರ ತೆಗೆದ ಕಡೆ ಸಡಿಲವಾಗುತ್ತದೆ. ಸಡಿಲವಾದುದನ್ನು ಕೈಯಿಂದಲೂ ಕಾಲಿನಿಂದಲೂ ಮೇಲೆತ್ತುತ್ತ ಏರಬೇಕು. ತೆಂಗಿನ ಕಾಂಡ ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಆದ್ದರಿಂದ ಹಗ್ಗದ ಉದ್ದವನ್ನು ಮರಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಅಗತ್ಯ.

ಮೂಲ ಮಾದರಿಯ ದೊಡ್ಡ ಕೊರತೆಯೆಂದರೆ ಕೈ ಅಥವಾ ಕಾಲು ಜಾರಿದಾಗ ಮೈಯನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಇಲ್ಲದಿದ್ದುದು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯು ಈ ಮಾದರಿಗೆ ಜೋಡಿಸಬಹುದಾದ ಸುರಕ್ಷಾ ಸಾಧನವನ್ನು ರೂಪಿಸಿತು. ಇದುವರೆಗಿನ ಮಾರ್ಪಾಡುಗಳಲ್ಲಿ ಇದೇ ಮುಖ್ಯವಾದುದು ಎನ್ನಬಹುದು.

ಯಂತ್ರದ ಚೌಕಟ್ಟು ಸರಳವಾದುದರಿಂದ ವೆಲ್ಡಿಂಗ್ ಬಲ್ಲ ಯಾರಾದರೂ ಅದನ್ನು ತಿದ್ದಬಹುದು. ಅಪಾಯದ ಮೂಲವೂ ಇದೇ. ಒಳಗೆ ಟೊಳ್ಳಾದ ಬೆಸುಗೆ ಹೊರನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಉಕ್ಕಿನ ಹಗ್ಗವು ಪದೇ ಪದೇ ಬಾಗುವ ಜಾಗದಲ್ಲಿ ಎಳೆಎಳೆಯಾಗಿ ಕಡಿಯುತ್ತದೆ. ಒಂದೆರಡು ಎಳೆ ಹೊರಚಾಚಿದ್ದರೂ ಹಗ್ಗವನ್ನು ಬದಲಿಸುವುದು ಕ್ಷೇಮ; ಬಣ್ಣ ಬಳಿದು ಮಾರುವ ಹಳೆಯ ಭಾಗದಲ್ಲಿ ಈ ದೋಷ ಕಣ್ಣಿಗೆ ಬೀಳದು.

ಮಾರಾಟ ಮತ್ತು ಹೊಣೆಗಾರಿಕೆ

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಉತ್ಪನ್ನದ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅದರ 86ನೆಯ ಕಲಮಿನಂತೆ, ಮಾರಾಟಗಾರನು ವಸ್ತುವನ್ನು ಬದಲಿಸಿದ್ದು, ಆ ಬದಲಾವಣೆಯೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ, ವಸ್ತುವಿನ ಮೂಲ ತಯಾರಕನು ತಾನಲ್ಲದಿದ್ದರೂ ಅವನು ಹೊಣೆಗಾರನಾಗುತ್ತಾನೆ. ವ್ಯಾಪಾರವಾಗಿ ದುರಸ್ತಿ ಮಾಡುವವರೂ ಕಾಯ್ದೆಯ ಅರ್ಥದಲ್ಲಿ ಮಾರಾಟಗಾರರೇ. ಹೀಗಾಗಿ ಯಂತ್ರದ ಹಗ್ಗವನ್ನೋ ಪಾದಪಟ್ಟಿಯನ್ನೋ ಬದಲಿಸಿ ಮಾರುವ ವೆಲ್ಡಿಂಗ್ ಅಂಗಡಿಯೂ ಇದರ ವ್ಯಾಪ್ತಿಗೆ ಬರುತ್ತದೆ. ಇನ್ನೊಂದೆಡೆ, ಹಾನಿಯಾದ ಸಮಯಕ್ಕೆ ವಸ್ತುವು ದುರ್ಬಳಕೆಗೆ ಅಥವಾ ಮಾರ್ಪಾಡಿಗೆ ಒಳಗಾಗಿದ್ದರೆ ಮಾರಾಟಗಾರನಿಗೆ 87ನೆಯ ಕಲಮು ರಕ್ಷಣೆ ನೀಡುತ್ತದೆ. ಕೊಂಡ ಮೇಲೆ ತಾನೇ ಮತ್ತೆ ತಿದ್ದಿಸಿದವನ ದೂರು ಇದರಿಂದ ದುರ್ಬಲವಾಗುತ್ತದೆ.

ವಾಣಿಜ್ಯ ಉದ್ದೇಶಕ್ಕೆ ಕೊಳ್ಳುವವರನ್ನು ಕಾಯ್ದೆಯು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ವಸ್ತುವನ್ನು ಕೊಂಡು ಬಳಸುವವರಿಗೆ ವಿನಾಯಿತಿಯಿದೆ. ಮರ ಹತ್ತಿ ಕೂಲಿ ಪಡೆಯುವವರಿಗೆ ಇದು ಮಹತ್ವದ ಅಂಶ. ಯಾವ ಭಾಗವನ್ನು ಯಾವಾಗ ಬದಲಿಸಲಾಯಿತು ಎಂಬ ವಿವರವುಳ್ಳ ರಸೀದಿಯು ವ್ಯಾಜ್ಯದಲ್ಲಿ ಇಬ್ಬರಿಗೂ ಸಾಕ್ಷ್ಯವಾಗುತ್ತದೆ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯೂ ಇದ್ದು, ಅದರ ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುತ್ತದೆ.