1,615 ಮೀಟರು: ಕರಾವಳಿಯ ವಿಮಾನಯಾನದ ಮೊದಲ ಅರ್ಧ ಶತಮಾನ

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರು ಡಕೋಟಾ ವಿಮಾನದಲ್ಲಿ ಬಂದು ಮಂಗಳೂರಿನ ಬಳಿಯ ಬಜ್ಪೆಯಲ್ಲಿ ಇಳಿದರು. ಕರಾವಳಿಯ ವಿಮಾನಯಾನದ ಕಥೆಯನ್ನು ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ಘಟ್ಟದ ಮೇಲಿನ ಬೆಂಗಳೂರಿನಲ್ಲಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎಚ್‌ಟಿ-2 ತರಬೇತಿ ವಿಮಾನ ಮೊದಲ ಬಾರಿಗೆ ಹಾರಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಆ ಕಾರ್ಖಾನೆ ಕಟ್ಟಲು ಹೊರಟಾಗ ಮೈಸೂರು ಸಂಸ್ಥಾನ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತ್ತು. ದಕ್ಷಿಣ ಕನ್ನಡಕ್ಕೆ ಅಂಥ ಅರಸರೂ ಇರಲಿಲ್ಲ, ದಿವಾನರೂ ಇರಲಿಲ್ಲ. ಮದ್ರಾಸು ರಾಜ್ಯದ ಒಂದು ಮೂಲೆಯಲ್ಲಿದ್ದ ಈ ಜಿಲ್ಲೆಯ ಬಳಿ ಇದ್ದದ್ದು ಪ್ರಯಾಣಿಕರು ಮಾತ್ರ.

ಆ ಪ್ರಯಾಣಿಕರ ಮುಖ ಇದ್ದದ್ದು ಮದ್ರಾಸಿನ ಕಡೆಗಲ್ಲ, ಬೊಂಬಾಯಿಯ ಕಡೆಗೆ. ಬೀಜಾಡಿ, ಕೋಟೇಶ್ವರ, ಕುಂಭಾಶಿಯಂಥ ಕುಂದಾಪುರ ಸೀಮೆಯ ಊರುಗಳಿಂದ ಹೋಟೆಲ್ ಕೆಲಸಕ್ಕೆಂದು ಹುಡುಗರು ಅಲ್ಲಿಗೆ ಹೋಗುತ್ತಿದ್ದರು. ಸಮುದ್ರದಲ್ಲಿ ಹೊಗೆಹಡಗು ಇತ್ತು, ಆದರೆ ಮಳೆಗಾಲಕ್ಕೆ ಅದು ಬಂದ್. ಆಗ ಘಟ್ಟ ಹತ್ತಿ ರೈಲು ಹಿಡಿಯಬೇಕು. ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಅದು ಮದ್ರಾಸಿನ ಹಾದಿ. ಕರಾವಳಿಗುಂಟ ಬೊಂಬಾಯಿಗೆ ಹೋಗುವ ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಈ ನಡುವಿನ ಖಾಲಿ ಜಾಗವನ್ನು ತುಂಬಿದ್ದು ವಿಮಾನ ಮತ್ತು ಬಸ್ಸು. ಹೋಟೆಲ್ ಮಾಣಿ ಬಸ್ಸು ಹತ್ತಿದ, ಹೋಟೆಲ್ ಧಣಿ ಬಜ್ಪೆಗೆ ಹೋದ ಎಂದರೆ ತಪ್ಪಾಗಲಾರದು.

ಬೆಳವಣಿಗೆಯ ವೇಗವನ್ನು ನಿರ್ಧರಿಸಿದ್ದು ಮಾತ್ರ ಬೇಡಿಕೆಯಲ್ಲ, ಗುಡ್ಡ. ಕರಾವಳಿಯ ಬಯಲೆಲ್ಲ ಗದ್ದೆ, ತೋಟ, ಹೊಳೆ. ಸಮತಟ್ಟಾದ ಬರಡು ನೆಲ ಸಿಗುವುದು ಮುರಕಲ್ಲಿನ ಪದವುಗಳ ಮೇಲೆ. ಸಮುದ್ರಮಟ್ಟದಿಂದ ಸುಮಾರು 100 ಮೀಟರು ಎತ್ತರದ ಬಜ್ಪೆಯ ಪದವಿನಲ್ಲಿ ಪೂರ್ವ–ಪಶ್ಚಿಮವಾಗಿ ಹಾಕಿದ ರನ್‌ವೇಯ ಉದ್ದ 1,615 ಮೀಟರು. ಅದರಾಚೆ ಕಣಿವೆ. ಡಕೋಟಾಕ್ಕೆ ಅಷ್ಟು ಧಾರಾಳವಾಯಿತು. 1953ರ ರಾಷ್ಟ್ರೀಕರಣದ ನಂತರ ಇಂಡಿಯನ್ ಏರ್‌ಲೈನ್ಸಿನ ಆವ್ರೊ ವಿಮಾನಗಳಿಗೂ ಸಾಕಾಯಿತು. ಬೋಯಿಂಗ್ 737 ಬಂದಾಗ ಲೆಕ್ಕ ಬಿಗಿಯಾಯಿತು: ಗಿಡ್ಡ ರನ್‌ವೇಯಿಂದ ಜೆಟ್ ಏಳಬೇಕಾದರೆ ಭಾರ ಇಳಿಸಬೇಕು, ಎಂದರೆ ಇಂಧನವನ್ನೋ ಜನರನ್ನೋ ಕಡಿಮೆ ಮಾಡಬೇಕು. ಮುಂಬಯಿಗೆ ಬೇಕಾಗುವ ಇಂಧನ ಸ್ವಲ್ಪವೇ ಆದ್ದರಿಂದ ಹೇಗೋ ನಡೆಯಿತು, ದುಬೈಗೆ ನಡೆಯುವಂತಿರಲಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟ ಕುಂದಾಪುರದವರು ದಶಕಗಳ ಕಾಲ ಮೊದಲು ಮುಂಬಯಿ ಸೇರಿ ಅಲ್ಲಿಂದ ಹಾರಬೇಕಾದುದಕ್ಕೆ ಈ ಗುಡ್ಡವೂ ಒಂದು ಕಾರಣ. ಇದನ್ನು ಬರೀ ಸರಕಾರದ ಅಸಡ್ಡೆ ಎಂದು ಬರೆಯುವುದು ಸುಲಭ, ಪೂರ್ತಿ ಸರಿಯಲ್ಲ.

1981ರ ಆಗಸ್ಟ್ 19ರಂದು, ಮಳೆಗಾಲದ ನಡುವೆ, ಇಳಿದ ಆವ್ರೊ ವಿಮಾನವೊಂದು ರನ್‌ವೇ ದಾಟಿ ಕಣಿವೆಯ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಆಗಲೇ ಉದ್ದದ ಪ್ರಶ್ನೆ ಇತ್ಯರ್ಥವಾಗಬೇಕಿತ್ತು. ಆದದ್ದು ಕಾಲು ಶತಮಾನ ಕಳೆದ ಮೇಲೆ. ಹಳೆಯದನ್ನು ಉದ್ದ ಮಾಡುವ ಬದಲು ದಿಕ್ಕು ಬದಲಿಸಿ, ಈಶಾನ್ಯ–ನೈಋತ್ಯವಾಗಿ ಸುಮಾರು 2,450 ಮೀಟರಿನ ಕಾಂಕ್ರೀಟ್ ರನ್‌ವೇ ಕಟ್ಟಲಾಯಿತು. ಅದು ತೆರೆದದ್ದು 2006ರ ಮೇ ತಿಂಗಳಲ್ಲಿ. ಅದೇ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ದುಬೈ ವಿಮಾನ ಆರಂಭವಾಯಿತು. ಐದು ತಿಂಗಳ ಈ ಅಂತರವೇ ಬೇಡಿಕೆ ಎಷ್ಟು ಕಾದಿತ್ತೆಂಬುದಕ್ಕೆ ಸಾಕ್ಷಿ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಹೊಸ ರನ್‌ವೇಯ ತುದಿ ದಾಟಿ ಕಣಿವೆಗೆ ಬಿತ್ತು. ಇದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಊರ ಮಾತಿನಲ್ಲಿ ಈ ದುರಂತ ‘ಟೇಬಲ್‌ಟಾಪ್’ (ಗುಡ್ಡದ ನೆತ್ತಿಯ ರನ್‌ವೇ) ಎಂಬ ಒಂದೇ ಪದಕ್ಕೆ ಅಂಟಿಕೊಂಡಿದೆ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೇಳಿದ್ದು ಬೇರೆ: ಇಳಿಯುವ ಕ್ರಮವೇ ಹದ ತಪ್ಪಿತ್ತು, ಸಹ ಪೈಲಟ್ ಮತ್ತೆ ಮೇಲೇರಲು ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತ್ತು. ಉಳಿದ ಜಾಗದಲ್ಲಿ ನಿಲ್ಲಿಸಬಹುದಿತ್ತೇ ಎಂಬುದು ತಾಂತ್ರಿಕ ಚರ್ಚೆ. ತುದಿಯಾಚೆ ಕಣಿವೆಯ ಬದಲು ಬಯಲು ಇದ್ದಿದ್ದರೆ ಸಾವು ಕಡಿಮೆಯಾಗುತ್ತಿತ್ತೇನೋ ಎಂಬುದನ್ನೂ ತಳ್ಳಿಹಾಕುವಂತಿಲ್ಲ. ಗುಡ್ಡ ಅಪಘಾತವನ್ನು ಮಾಡಲಿಲ್ಲ, ಆದ ಅಪಘಾತವನ್ನು ದೊಡ್ಡದು ಮಾಡಿತು ಎಂಬುದು ನನ್ನ ಓದು.

2012ರಲ್ಲಿ ನಿಲ್ದಾಣಕ್ಕೆ ಅಂತರರಾಷ್ಟ್ರೀಯ ಸ್ಥಾನ ಸಿಕ್ಕಿತು, 2020ರಲ್ಲಿ ಆಡಳಿತ ಅದಾನಿ ಸಮೂಹಕ್ಕೆ ಹೋಯಿತು. 2023ರಲ್ಲಿ ತಿಂಗಳುಗಟ್ಟಲೆ ಹಗಲು ಹೊತ್ತು ಹಾರಾಟ ನಿಲ್ಲಿಸಿ ರನ್‌ವೇಗೆ ಹೊಸ ಮೇಲ್ಮೈ ಹೊದಿಸಲಾಯಿತು. ಉದ್ದ 2006ರಲ್ಲಿ ಇದ್ದಷ್ಟೇ ಉಳಿಯಿತು.